ಸೌಂಡ್‌ನವರು ಬೇಕಾಗಿದ್ದಾರೆ

ಜುಲೈ 8, ಸೋಮವಾರ. ಪಿರಿಯಾಪಟ್ಟಣ

ನಮ್ಮ ಸೌಂಡ್ ರೆಕಾರ್ಡಿಸ್ಟ್ ತೇಜಸ್ ಬರುವುದಿಲ್ಲ. ಲಾಡ್ಜಿನ ರೂಮಿಗೆ ಬಂದು ಬ್ಯಾಗ್ ಇಳಿಸುವಷ್ಟರಲ್ಲಿ ಅವನ ಮೆಸೇಜ್ ಬಂತು. ಹೈದರಾಬಾದಿನಲ್ಲಿ ಒಂದು ವೆಬ್ ಸೀರೀಸ್ ಸಿಕ್ಕಿದೆ, ಬಿಡಲಾಗುತ್ತಿಲ್ಲ, ಸಾರಿ ಮೇಡಂ, ನೀವು ಡಬ್ಬಿಂಗ್ ಮಾಡಿಸಿಕೊಳ್ಳಿ. ಕೊನೆಯಲ್ಲಿ ಕೈ ಮುಗಿಯುವ ಚಿತ್ರ. ಅವನ ಜೊತೆಗೆ ಅವನ ರೆಕಾರ್ಡರು, ಮೈಕು ಎಲ್ಲವೂ ಹೋದವು.

ಡಬ್ಬಿಂಗ್ ಆಗುವುದಿಲ್ಲ ಎಂದು ಅವನಿಗೆ ಗೊತ್ತು. ಮುಖ್ಯ ಪಾತ್ರ ಮಾಡುವ ವಿಮಲಮ್ಮನವರ ಗಂಟಲಿನಲ್ಲಿ ಗಡ್ಡೆಯಿದೆ. ಇದೇ 26ಕ್ಕೆ ಮೈಸೂರಿನಲ್ಲಿ ಆಪರೇಷನ್. ಆಮೇಲೆ ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಮೈಕಿನ ಹಂಗಿಲ್ಲದೆ ಕೊನೆಯ ಸಾಲಿನ ಬೆಂಚಿಗೂ ಮುಟ್ಟುತ್ತಿದ್ದ ದನಿ ಅದು. ಇಪ್ಪತ್ತು ವರ್ಷ ಬೇರೆಯವರ ಸೀರಿಯಲ್ಲುಗಳನ್ನು ಎಡಿಟ್ ಮಾಡಿಕೊಂಡಿದ್ದ ನಾನು ಈ ಚಿಕ್ಕ ಸಿನಿಮಾ ಬರೆದದ್ದೇ ಆ ದನಿಯನ್ನು ಕೇಳಿ. ಹೊಗೆಸೊಪ್ಪನ್ನು ಬೆಂಕಿಯ ಬಿಸಿಯಲ್ಲಿ ಹದ ಮಾಡುವ ಬ್ಯಾರನ್ ಕಾಯುತ್ತ, ತೀರಿಹೋದ ಗಂಡನ ಜೊತೆ ಜಗಳವಾಡುವ ಒಬ್ಬ ಹೆಂಗಸಿನ ಕಥೆ. ದನಿ ಇಲ್ಲದಿದ್ದರೆ ಕಥೆಯೂ ಇಲ್ಲ.

ತೇಜಸ್‌ಗೆ ಫೋನ್ ಮಾಡಿ ಬೈಯಬೇಕಿತ್ತು. 'ಪರವಾಗಿಲ್ಲ, ಒಳ್ಳೆಯದಾಗಲಿ' ಎಂದು ಉತ್ತರ ಕಳಿಸಿದೆ. ಯಾಕೆ ಹಾಗೆ ಮಾಡುತ್ತೇನೆ? ಒಳ್ಳೆಯ ಹುಡುಗಿಯ ಮಾತು ಪಕ್ಕದ ಕೋಣೆಗೆ ಕೇಳಿಸಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದರು. ಆ ಶಾಲೆ ಬಿಟ್ಟು ಮೂವತ್ತು ವರ್ಷದ ಹತ್ತಿರವಾಯಿತು. ಇನ್ನೂ ಕೋಣೆಗಳನ್ನು ಲೆಕ್ಕ ಹಾಕಿಕೊಂಡೇ ಮಾತಾಡುತ್ತೇನೆ.

ಜುಲೈ 9, ಮಂಗಳವಾರ

ಇಡೀ ದಿನ ಹುಣಸೂರಿನಲ್ಲಿ. ಆಷಾಢ ಶುರುವಾಗಿರುವುದೊಂದೇ ನನ್ನ ಅದೃಷ್ಟ. ಮದುವೆಗಳಿಲ್ಲ. ಮದುವೆಯ ಫೋಟೊ, ವಿಡಿಯೊ, ಶಾಮಿಯಾನ, ಜನರೇಟರು, ಲೈಟಿನವರು ಎಲ್ಲರೂ ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದಾರೆ. ಬೆಂಗಳೂರಿನಿಂದ ಹೊರಡುವಾಗ 'ಅಲ್ಲಿ ಏನೂ ಸಿಗಲ್ಲ, ಎಲ್ಲಾ ಇಲ್ಲಿಂದಲೇ ಸಾಗಿಸಿ' ಎಂದಿದ್ದರು. ಕ್ಯಾಮೆರಾಗೆ ಕಿರಣ್‌ಕುಮಾರ್ ಎಂಬುವರು ಸಿಕ್ಕರು. ಮದುವೆಗಳನ್ನು ಹಿಡಿದು ಹಿಡಿದು ಕೈ ಪಳಗಿದೆ. ಕ್ಯಾಮೆರಾವೂ ಒಳ್ಳೆಯದೇ. ನನ್ನನ್ನೇ ನಿಲ್ಲಿಸಿ ಒಂದು ಶಾಟ್ ತೆಗೆದು ತೋರಿಸಿದರು.

"ಸ್ವಲ್ಪ ಇತ್ಲಾಗ್ ನೋಡಿ ಮೇಡಂ. ಹಾಂ, ನಗಿ."

"ಸಿನಿಮಾದಲ್ಲಿ ಯಾರೂ ಕ್ಯಾಮೆರಾ ನೋಡಿ ನಗುವುದಿಲ್ಲ."

"ಅದ್ ಗೊತ್ತು ಬುಡಿ. ಬಾಯಿಗ್ ಬಂದ್ಬುಡ್ತದೆ."

ಸೌಂಡ್ ಮಾತ್ರ ಎಲ್ಲೂ ಸಿಗಲಿಲ್ಲ. ಮೈಸೂರಿನವರೊಬ್ಬರು ಸಿನಿಮಾದ ಉದ್ದ ಮೈಕನ್ನು ಬಾಡಿಗೆಗೆ ಕೊಡುತ್ತಾರಂತೆ. ಅದನ್ನು ನಡೆಸುವವರಿಲ್ಲ. ಕಿರಣ್‌ಕುಮಾರ್ ಯಾರಿಗೋ ಫೋನ್ ಮಾಡಿ, "ಲೇ, ಸೌಂಡ್‌ನೋರು ಬೇಕಂತೆ ಕಣ್ಲಾ, ರಾವಂದೂರತ್ರ ಶೂಟಿಂಗು," ಎಂದರು. ಭೇರ್ಯದ ರಘು ಎಂಬ ವ್ಯಕ್ತಿ ನಾಡಿದ್ದು ಬರುತ್ತಾರಂತೆ. ಅನುಭವ ಇದೆಯೇ ಎಂದು ಕೇಳಿದೆ. "ಕೆ.ಆರ್. ನಗರದಿಂದ ಈಚ್ಗೆ ಅವ್ನಷ್ಟು ಸೌಂಡ್ ಇನ್ಯಾರತ್ರಾನೂ ಇಲ್ಲ," ಎಂದರು. ಸಮಾಧಾನವಾಯಿತು.

ಜುಲೈ 11, ಗುರುವಾರ

ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ನಮ್ಮ ಶೂಟಿಂಗಿಗೆ ಬ್ಯಾರನ್ ಕೊಟ್ಟಿರುವುದು ರಾವಂದೂರಿನ ಹತ್ತಿರದ ಸುನಂದಮ್ಮ ಮತ್ತು ತಿಮ್ಮಯ್ಯ. ಅವರ ಅಂಗಳದಲ್ಲಿ ಕೂತು ರಘುವಿಗಾಗಿ ಕಾಯುತ್ತಿದ್ದೆ. ಒಂದು ಗೂಡ್ಸ್ ಆಟೊ ಬಂತು. ಅದರ ತುಂಬ ಸ್ಪೀಕರು. ನನ್ನ ಎದೆಯವರೆಗೆ ಬರುವಂಥ ಕಪ್ಪು ಬಾಕ್ಸುಗಳು, ಮೇಲೆ ಹಗ್ಗ ಕಟ್ಟಿದ ಎರಡು ಹಾರ್ನು. ಮುಂದಿನಿಂದ ಮೂವತ್ತೈದರ ಆಸುಪಾಸಿನ ಗಂಡಸು ಇಳಿದು ಸುತ್ತ ನೋಡಿದರು.

"ಎಲ್ಲಿಳ್ಸಣ ಮೇಡಂ? ಸ್ಟೇಜ್ ಯಾವ ಕಡೀಕೆ?"

"ಯಾವ ಸ್ಟೇಜು?"

"ಸೌಂಡ್ ಬೇಕು ಅಂದ್ರಲ್ಲ?"

"ನಮಗೆ ಸೌಂಡ್ ತಗೊಳ್ಳೋರು ಬೇಕಾಗಿತ್ತು."

"ತಗಂಡೇ ಬಂದಿವ್ನಲ್ಲ ಮೇಡಂ!"

ಬಹಳ ಹೊತ್ತು ವಿವರಿಸಿದೆ. ಸೌಂಡು ಹೊರಗೆ ಹೋಗಬಾರದು, ಒಳಗೆ ಬರಬೇಕು. ಆ ಮನುಷ್ಯ ತನ್ನ ಬಾಕ್ಸುಗಳನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು. "ಇಷ್ಟ್ ಬಾಕ್ಸ್ ಇಟ್ಕಂಡು ನಾವ್ ಸುಮ್ಕಿರಾದಾ? ಅವರು ಮಾತಾಡಾದ್ನ ನಾವ್ ಕೇಳಾದಾ?" ಈ ಕೆಲಸವನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಆದರೆ ಅವರ ಮಿಕ್ಸರಿಗೆ ಪೆನ್‌ಡ್ರೈವ್ ಹಾಕಿದರೆ ರೆಕಾರ್ಡ್ ಆಗುತ್ತದೆ. ಆರ್ಕೆಸ್ಟ್ರಾದವರಿಗೆ ಹಾಗೆ ಮಾಡಿ ಕೊಟ್ಟಿದ್ದಾರಂತೆ. ಉದ್ದ ಮೈಕನ್ನು ಅದಕ್ಕೆ ಸಿಕ್ಕಿಸಬಹುದು. ನನಗೆ ಬೇರೆ ದಾರಿ ಇಲ್ಲ. ಅವರಿಗೆ ಇನ್ನೊಂದು ಅನುಮಾನ.

"ಆಸಾಡ್ದಲ್ಲಿ ಹೊಸ್ದು ಸುರು ಮಾಡಾಕಿಲ್ಲ ಮೇಡಂ."

"ಪೂಜೆ ಜೂನಿನಲ್ಲೇ ಆಗಿದೆ."

"ಅಂಗಾರೆ ಇದು ಹಳೇ ಕೆಲ್ಸ. ಬುಡಿ, ಬತ್ತೀನಿ."

ಆಟೊ ತಿರುಗಿಸುವಾಗ ಸುನಂದಮ್ಮ ತಡೆದರು. "ಪಾಪ, ಅಷ್ಟ್ ದೂರದಿಂದ ಹೊತ್ಕೊಂಡ್ ಬಂದವ್ನೆ. ಒಂದ್ ಹಾಡಾದ್ರೂ ಹಾಕ್ಸಿ ಕಳ್ಸವ್ವಾ. ಆಸಾಡ ಹುಟ್ದಾಗ್ನಿಂದ ಊರು ಬಿಕೋ ಅಂತದೆ." ಹಾಕಿಸಿದೆ. ನನ್ನ ಪಕ್ಕೆಲುಬುಗಳು ನಡುಗಿದವು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸದೆ ತಲೆದೂಗುತ್ತಿದ್ದರು.

ಜುಲೈ 13, ಶನಿವಾರ

ನಿನ್ನೆ ಎಚ್.ಡಿ. ಕೋಟೆಗೆ ಹೋಗಿ ಸದ್ದು ಕಡಿಮೆಯ ಜನರೇಟರು ಹುಡುಕಿದೆ. ಇರುವುದೊಂದೇ, ಅದೂ ರೆಸಾರ್ಟಿನವರ ಹತ್ತಿರ. ಇವತ್ತು ಟಿಬೆಟನ್ ಕ್ಯಾಂಪಿನ ಪಕ್ಕದ ಕೊಪ್ಪಕ್ಕೆ. ಬಾಡಿಗೆಗೆ ತಂದ ಮೈಕಿಗೆ ಗಾಳಿ ಹೊಡೆಯದಂತೆ ಹಾಕುವ ರೋಮದ ಚೀಲ ಕೇಳಿದೆ, ಅಂಗಡಿಯವರಿಗೆ ಅರ್ಥವಾಗಲಿಲ್ಲ. ಸ್ವೆಟರ್ ಮಾರುವ ಟಿಬೆಟನ್ ಅಜ್ಜಿ ಮೈಕನ್ನು ಕೈಯಲ್ಲಿ ಅಳೆದು, ಮಗುವಿನ ಉಣ್ಣೆ ಟೋಪಿಯೊಂದನ್ನು ಅದಕ್ಕೆ ತೊಡಿಸಿಕೊಟ್ಟರು. ಸರಿಯಾಗಿ ಕೂತಿತು.

ಬೆಂಗಳೂರಿನ ಮೂವರು ರೆಕಾರ್ಡಿಸ್ಟರಿಗೆ ಮತ್ತೆ ಫೋನ್ ಮಾಡಿದೆ. ಯಾರೂ ಖಾಲಿ ಇಲ್ಲ.

ಜುಲೈ 15, ಸೋಮವಾರ

ಮೊದಲ ದಿನ. ಕೆ.ಆರ್. ನಗರದಿಂದ ವಿಮಲಮ್ಮ ಬಂದರು. ಕಾರಿನಿಂದ ಇಳಿದವರೇ ಮೈಕಿನ ಟೋಪಿ ನೋಡಿ, "ಯಾರಪ್ಪಾ ಇದು, ಎಳೇ ಬೊಮ್ಮಟೆ ಮಗ? ಶೀತ ಆಗದೆಯಾ?" ಎಂದರು. ಎಲ್ಲರೂ ನಕ್ಕರು. ಅವರು ನಮ್ಮವರಾಗಿಬಿಟ್ಟರು.

ಸೊಪ್ಪು ಕಟ್ಟುವ ದೃಶ್ಯ. ಹೆಂಗಸರ ಜೊತೆ ಕೂತು ವಿಮಲಮ್ಮ ಮಾತಾಡಬೇಕು. ಊರಿನಲ್ಲಿ ಎಷ್ಟು ಸದ್ದಿದೆಯೆಂದು ರೆಕಾರ್ಡ್ ಮಾಡಲು ಕೂತಾಗ ತಿಳಿಯುತ್ತದೆ. ಪಂಪು, ಕೋಳಿ, ಹಾಡು ಹಾಕಿಕೊಂಡು ಬರುವ ಟ್ರ್ಯಾಕ್ಟರು. ಟ್ರ್ಯಾಕ್ಟರಿನ ಕಡೆ ಕೈಯೆತ್ತಿ 'ಸ್ವಲ್ಪ ನಿಲ್ಲಿಸ್ತೀರಾ, ಪ್ಲೀಸ್' ಎಂದೆ. ಅದು ನನ್ನ ಪಕ್ಕದಲ್ಲೇ ಹೋಯಿತು. ಎರಡನೇ ಸಲ ರಘು "ಏಯ್, ಪದ ನಿಲ್ಸಲಾ!" ಎಂದು ಒಂದೇ ಕೂಗು ಹಾಕಿದರು. ನಿಂತಿತು.

"ನಿಮ್ ಮಾತು ನಿಮ್ಗಾದ್ರೂ ಕೇಳ್ಸತದಾ ಅನು?" ಎಂದು ವಿಮಲಮ್ಮ ನನ್ನನ್ನು ಕೇಳಿದರು. "ನಂಗೆ ಹೋಗೋ ದನಿ. ನಿಮ್ಗೆ ಇರೋ ದನೀನ ಹಿಂಗೆ ಮಡಚಿ ಮಡಗಿದೀರಲ್ಲ."

ರೆಕಾರ್ಡಿಂಗಿನಲ್ಲಿ 'ಗುಂ' ಎನ್ನುವ ಸದ್ದು ಬರುತ್ತಿತ್ತು. ರಘು ತಂತಿಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸಿ, ಮಧ್ಯಾಹ್ನದ ಹೊತ್ತಿಗೆ ನಿಲ್ಲಿಸಿದರು. ಸಂಜೆ ಕೇಳಿದೆ. ಚೆನ್ನಾಗಿದೆ. ನಿಜವಾಗಿಯೂ ಚೆನ್ನಾಗಿದೆ. ತೇಜಸ್‌ಗಿಂತ ಎಂದು ಬರೆಯಲು ಹೆದರಿಕೆ.

ಜುಲೈ 17, ಬುಧವಾರ

ಇವತ್ತು ದೊಡ್ಡ ದೃಶ್ಯ ಮುಗಿಯಿತು. ಇಡೀ ಸಿನಿಮಾ ನಿಂತಿರುವುದು ಇದರ ಮೇಲೆ. ಬ್ಯಾರನ್ನಿನ ಮುಚ್ಚಿದ ಬಾಗಿಲ ಮುಂದೆ ನಿಂತು, ಸತ್ತ ಗಂಡ ಒಳಗೇ ಕೂತಿದ್ದಾನೆಂಬಂತೆ ಅವಳು ಜಗಳವಾಡುತ್ತಾಳೆ. ಬೆಂಕಿ ಜಾಸ್ತಿ ಮಾಡಬೇಡ ಎಂದು ನೀನು ಹೇಳುತ್ತಿದ್ದೆ, ಈಗ ಯಾರು ಹೇಳುತ್ತಾರೆ ಎಂಬಲ್ಲಿಂದ ಶುರುವಾಗಿ, ನೀನು ಹೋದ ಮೇಲೆ ನನ್ನನ್ನು ಹೆಸರು ಹಿಡಿದು ಕರೆದವರಿಲ್ಲ ಎಂಬಲ್ಲಿಗೆ ಬರುತ್ತದೆ.

ಶುರುವಿಗೆ ಮೊದಲು ರಘುವಿಗೆ, "ಇದು ತುಂಬಾ ಮುಖ್ಯ, ಚೆನ್ನಾಗಿ ಬರಬೇಕು," ಎಂದೆ. "ನೀವ್ ತಲೆ ಕೆಡಿಸ್ಕಬ್ಯಾಡಿ ಅಕ್ಕ," ಎಂದರು. ಒಂದೇ ಟೇಕು. ವಿಮಲಮ್ಮ ಎಲ್ಲೂ ಕೂಗಲಿಲ್ಲ, ಎಲ್ಲೂ ಅಳಲಿಲ್ಲ. ನಾನು ಬಾಗಿಲ ಪಕ್ಕ, ಅವರಿಗೆ ಕೈ ಎಟಕುವಷ್ಟು ಹತ್ತಿರ ನಿಂತಿದ್ದೆ. ಮುಗಿದಾಗ 'ಕಟ್' ಎನ್ನಲು ನನಗಾಗಲಿಲ್ಲ. ಕಿರಣ್‌ಕುಮಾರ್ ತಾವೇ ನಿಲ್ಲಿಸಿದರು. ಅವರೂ ಯಾರಿಗೂ ನಗಿ ಎನ್ನಲಿಲ್ಲ.

ಇದ್ದದ್ದು ಒಂದೇ ಹೆಡ್‌ಫೋನು, ರಘುವಿನ ತಲೆಯ ಮೇಲಿತ್ತು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಮತ್ತೆ ಕೇಳಿ ನೋಡಲಿಲ್ಲ.

ಜುಲೈ 19, ಶುಕ್ರವಾರ

ಬೆಳಿಗ್ಗೆ ಲಾಡ್ಜಿನಲ್ಲಿ ಪೆನ್‌ಡ್ರೈವ್ ಹಾಕಿ ಮೊನ್ನೆಯದನ್ನು ಕೇಳಿದೆ. ನೀನು ಹೋದ ಮೇಲೆ, ಮೇಲೆ, ಮೇಲೆ. ನನ್ನ ಲ್ಯಾಪ್‌ಟಾಪ್ ಕೆಟ್ಟಿದೆ ಅಂದುಕೊಂಡೆ. ಮೊದಲ ದಿನದ್ದನ್ನು ಹಾಕಿದೆ, ಸರಿಯಾಗಿತ್ತು. ಮತ್ತೆ ಇದನ್ನು ಹಾಕಿದೆ. ಕರೆದವರಿಲ್ಲ, ರಿಲ್ಲ, ಇಲ್ಲ.

ಊರಿಗೆ ಹೋಗಿ ರಘುವನ್ನು ಕೇಳಿದೆ.

"ಮೊನ್ನೆ ಎಕೋ ಹಾಕಿದ್ದಿರಾ?"

"ಊಂ ಅಕ್ಕ!" ಮುಖ ಅರಳಿತು. "ಎಂಗ್ ಬಂದೈತೆ? ನಂಗೇ ಅಳು ಬಂದ್ಬುಡ್ತು."

"ಯಾಕೆ ಹಾಕಿದಿರಿ?"

"ಇದೇನಕ್ಕ ಇಂಗ್ ಕೇಳ್ತೀರಾ? ಅಷ್ಟ್ ದೊಡ್ಡೋರು ಮಾತಾಡ್ತಾವ್ರೆ, ಬರೀ ವಾಯ್ಸ್ ಬುಡಾಕಾಯ್ತದಾ? ಸ್ವಾಮ್ಗಳು ಬಂದ್ರೂ ಎಕೋ, ಎಮ್ಮೆಲ್ಲೆ ಬಂದ್ರೂ ಎಕೋ. ಎಕೋ ಇಲ್ದೆ ಬುಡಾದು 'ಯಾರ್ದೋ ಬಿಳೀ ಕಾರು ಅಡ್ಡ ನಿಂತದೆ, ತೆಗೀರಿ' ಅನ್ನೋನ್ಗೆ ಮಾತ್ರ. ಮೊದ್ಲ ದಿನ ಸೊಪ್ಪು ಕಟ್ಟೋ ಮಾತು, ಅದುಕ್ಕೆ ಬ್ಯಾಡ ಅಂತ ಬುಟ್ಟಿದ್ದೆ."

"ಅದನ್ನು ಈಗ ತೆಗೆಯುವುದಕ್ಕೆ ಆಗುವುದಿಲ್ಲ ರಘು. ಮಾತಿನ ಜೊತೆ ಸೇರಿಹೋಗಿದೆ."

ಅವರು ಆಟೊದ ಹಲಗೆಯ ಮೇಲೆ ಕೂತುಬಿಟ್ಟರು. "ಬೈಯಿ ಅಕ್ಕ. ಬೈದ್ಬುಡಿ."

ಬೈಯಲಿಲ್ಲ. ಅದು ಒಳ್ಳೆಯತನವೋ ಅಭ್ಯಾಸವೋ ಗೊತ್ತಿಲ್ಲ. ಅವರಿಗೆ 'ಚೆನ್ನಾಗಿ ಬರಬೇಕು' ಎಂದಿದ್ದೆ. ಚೆನ್ನಾಗಿ ಎಂದರೇನು ಎಂದು ಹೇಳಿರಲಿಲ್ಲ. ಅವರಿಗೆ ಗೊತ್ತಿದ್ದ ಅತಿ ದೊಡ್ಡ ಮರ್ಯಾದೆಯನ್ನು ಆ ದನಿಗೆ ಮಾಡಿದರು. ಇದನ್ನು ನಾಳೆ ವಿಮಲಮ್ಮನಿಗೆ ಹೇಗೆ ಹೇಳುವುದು?

ಜುಲೈ 20, ಶನಿವಾರ

ಹೇಳಿದೆ. ಅವರು ನಕ್ಕು, "ಇನ್ನೊಂದ್ ಸಲ ಜಗಳ ಆಡದ್ರೆ ಗಂಡ ಏನೂ ಬೇಜಾರ್ ಮಾಡ್ಕಳಲ್ಲ," ಎಂದು ಸೆರಗು ಸಿಕ್ಕಿಸಿ ನಿಂತರು.

ಮೂರನೇ ಮಾತಿಗೆ ದನಿ ಹೋಯಿತು. ಗಾಳಿ ಮಾತ್ರ ಬಂತು. ಬಿಸಿನೀರು ಕುಡಿದು ಮತ್ತೆ ನಿಂತರು. ಗಾಳಿಯೂ ಸರಿಯಾಗಿ ಬರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಆಪರೇಷನ್ ಆಗುವವರೆಗೆ ಒಂದು ಮಾತೂ ಆಡಿಸಬೇಡಿ ಎಂದರು.

ಮುಗಿಯಿತು.

ಜುಲೈ 21, ಭಾನುವಾರ

ರಘು ಫೋನ್ ಎತ್ತುತ್ತಿಲ್ಲ. ವಿಮಲಮ್ಮ ಸುನಂದಮ್ಮನ ಮನೆಯಲ್ಲೇ ಉಳಿದಿದ್ದಾರೆ. ಕೆ.ಆರ್. ನಗರಕ್ಕೆ ಬಿಡುತ್ತೇನೆಂದರೆ ಬೇಡವೆಂದು ಕೈಯಾಡಿಸಿದರು. ತೇಜಸ್ ಮೆಸೇಜ್ ಕಳಿಸಿದ್ದಾನೆ. ವೆಬ್ ಸೀರೀಸ್ ಮುಂದಕ್ಕೆ ಹೋಯಿತಂತೆ, ನಾಳೆಯಿಂದ ಖಾಲಿ, ಬರಲಾ ಎಂದು. ಉತ್ತರಿಸಬೇಕು.

ಮಾಡಲು ಏನೂ ಇಲ್ಲದೆ ಸುನಂದಮ್ಮನ ಅಂಗಳದಲ್ಲಿ ಕೂತಿದ್ದೆ. ಬೆಳಿಗ್ಗೆ ಬ್ಯಾರನ್ ಬಿಚ್ಚಿ, ಹದವಾದ ಸೊಪ್ಪನ್ನೆಲ್ಲ ಕಡ್ಡಿಸಮೇತ ಇಳಿಸಿ ಮನೆಯೊಳಗೆ ಸಾಗಿಸಿದ್ದರು. ಬ್ಯಾರನ್ ಎಂದರೆ ಕಿಟಕಿಯಿಲ್ಲದ, ಎರಡಾಳೆತ್ತರದ ಇಟ್ಟಿಗೆಯ ಕೋಣೆ. ಸೊಪ್ಪು ತುಂಬಿರುವಾಗ ಹತ್ತಿ ತುಂಬಿದ ಹಾಗೆ, ಒಳಗೆ ಕೂಗಿದರೂ ಕೇಳುವುದಿಲ್ಲ. ಕಸ ಗುಡಿಸುತ್ತಿದ್ದ ಸುನಂದಮ್ಮ ಒಳಗಿನಿಂದಲೇ ಗಂಡನನ್ನು ಕರೆದರು.

"ಏನ್ರೀ, ಮೊರ ತತ್ತರ‍್ರೀ!"

ತತ್ತರ‍್ರೀ, ತರ‍್ರೀ, ರೀ.

ಎದ್ದು ನಿಂತೆ. ಒಳಗೆ ಹೋಗಿ ಚಪ್ಪಾಳೆ ತಟ್ಟಿದೆ. ಸುನಂದಮ್ಮ ಪೊರಕೆ ಹಿಡಿದುಕೊಂಡೇ ನನ್ನನ್ನು ನೋಡಿದರು.

ಇಪ್ಪತ್ತು ವರ್ಷ ಎಡಿಟಿಂಗ್ ಮಾಡಿದವಳಿಗೆ ಇದು ಹೊಳೆಯಲು ಇಷ್ಟು ದಿನ ಬೇಕಾಯಿತಲ್ಲ. ಎಕೋ ತೆಗೆಯಲಾಗದಿದ್ದರೆ, ಎಕೋ ಇರುವ ಜಾಗಕ್ಕೆ ಅವಳನ್ನು ಕರೆತಂದರಾಯಿತು. ಅವಳು ಬಾಗಿಲ ಹೊರಗೆ ಯಾಕೆ ನಿಲ್ಲಬೇಕು? ಖಾಲಿ ಬ್ಯಾರನ್ನಿನ ಒಳಗೆ ನಿಂತು ಜಗಳವಾಡಲಿ. ದನಿ ಬುಧವಾರದ್ದೇ. ಚಿತ್ರ ಮಾತ್ರ ಹೊಸದು. ಆ ದನಿಯನ್ನು ಜೋರಾಗಿ ಹಾಕಿ, ಅದಕ್ಕೆ ಸರಿಯಾಗಿ ವಿಮಲಮ್ಮ ತುಟಿಯಾಡಿಸಿದರೆ ಸಾಕು.

ಸುನಂದಮ್ಮನನ್ನು ಕೇಳಿದೆ. "ಕಿತ್ತಿರೋ ಸೊಪ್ಪು ಕಾದು ಕೂತದೆ. ಮಂಗಳವಾರ ಮದ್ಯಾನಕ್ಕೆ ತುಂಬ್ಲೇಬೇಕು. ಅಷ್ಟ್ರೊಳ್ಗೆ ಮುಗ್ಸದ್ರೆ ಮುಗ್ಸಿ." ತಿಮ್ಮಯ್ಯನವರ ಫೋನಿನಿಂದ ರಘುವಿಗೆ ಹಚ್ಚಿದೆ. ಎತ್ತಿದ.

"ಮಂಗಳವಾರ ಬೆಳಿಗ್ಗೆ ಸೌಂಡ್ ತಗೊಂಡ್ ಬಾ ರಘು."

"ಯಾವ ಸೌಂಡಕ್ಕ? ಒಳೀಕ್ ಬರಾದಾ, ಈಚ್ಗ್ ಓಗಾದಾ?"

"ಈಚೆಗೆ ಹೋಗೋದು. ದೊಡ್ಡ ಬಾಕ್ಸೇ ಬೇಕು."

"ಬೈಯಾಕೆ ಮೈಕ್ ಬೇಕಾಯ್ತಾ ಅಕ್ಕ?"

ಜುಲೈ 23, ಮಂಗಳವಾರ

ದಣಿದಿದ್ದೇನೆ, ಆದರೂ ಬರೆಯಬೇಕು.

ಬೆಳಿಗ್ಗೆ ಬಾಕ್ಸುಗಳನ್ನು ಬ್ಯಾರನ್ನಿನ ಬಾಗಿಲ ಪಕ್ಕ ಇಳಿಸಿದರು. ಸೊಪ್ಪು ನೇತುಹಾಕುವ ಅಡ್ಡ ಗಳುಗಳ ನಡುವೆ ಮೇಲಿನ ಗಾಳಿಕಿಂಡಿಯಿಂದ ಬೆಳಕು ಬೀಳುತ್ತಿತ್ತು. ಕಿರಣ್‌ಕುಮಾರ್ ಲೈಟು ಬೇಡವೆಂದರು. ವಿಮಲಮ್ಮ ನಡುವೆ ಹೋಗಿ ನಿಂತು, ಸುತ್ತ ನೋಡಿ, ಒಲೆಯ ಬಿಸಿ ಹಾಯುವ, ನೆಲದ ಮೇಲಿನ ಕಬ್ಬಿಣದ ಕೊಳವೆಯ ಮೇಲೆ ಕೈಯಿಟ್ಟರು. ಕರೆಂಟು ಬರಲು ತಡವಾಯಿತು. ಹೊತ್ತು ಹೋಗುತ್ತಿತ್ತು. ರಘು ನನ್ನ ಮುಖ ನೋಡಿ ಗುಂಡಿ ಒತ್ತಿದ.

ಅವರ ದನಿ ಬಂತು. ಸ್ಪೀಕರಿನಿಂದ ಬಂದು ಗೋಡೆಗೆ ತಾಗಿ, ಎಲ್ಲ ಕಡೆಯಿಂದಲೂ ಬಂತು. ವಿಮಲಮ್ಮ ಬೆಚ್ಚಿದರು. ಮೊದಲ ಸಲ ತುಟಿಯಾಡಿಸಲೇ ಇಲ್ಲ, ಸುಮ್ಮನೆ ಕೇಳಿದರು. ನಾನು ನಿಲ್ಲಿಸಲಿಲ್ಲ. ಎರಡನೇ ಸಲ ಶುರುವಾಗಿ ಅರ್ಧಕ್ಕೆ ಬಂದಾಗ ರಸ್ತೆಯಲ್ಲಿ ಆ ಹಾಡಿನ ಟ್ರ್ಯಾಕ್ಟರು ಬಂತು. ದನಿ ನಮ್ಮ ಹತ್ತಿರ ಇರುವುದರಿಂದ ಟ್ರ್ಯಾಕ್ಟರಿನ ಸದ್ದಿನಿಂದ ನಮಗೇನೂ ಆಗಬೇಕಿರಲಿಲ್ಲ. ಆದರೆ ವಿಮಲಮ್ಮನ ಕಣ್ಣು ಅತ್ತ ಹೊರಳಿತು. ಅಂಗಳಕ್ಕೆ ಬಂದು, ಅಲ್ಲಿಂದಲೇ ಅದನ್ನು ನಿಲ್ಲಿಸಿದೆ. ಡ್ರೈವರು ಇಂಜಿನ್ನನ್ನೂ ಆರಿಸಿ ಇಳಿದು ನಿಂತ. ತಿರುಗಿದರೆ ರಘು, ಕಿರಣ್‌ಕುಮಾರ್, ಸೊಪ್ಪು ಕಟ್ಟುವ ಹೆಂಗಸರು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ವಿಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಯಾಕೆ ನಗು ಬಂತೋ.

"ಏನವ್ವಾ, ನಿಂಗೆ ಇಂಥಾ ಗಂಟ್ಲು ಇತ್ತಾ?" ಎಂದರು ಸುನಂದಮ್ಮ. ಸ್ವಲ್ಪ ಕಟ್ಟಿದ ಹಾಗಿದೆ, ಧೂಳು ಎಂದೆ.

ಮೂರನೇ ಸಲ ಎಲ್ಲವೂ ಕೂಡಿಬಂತು. ಒಂದು ತುಟಿಯೂ ತಪ್ಪಲಿಲ್ಲ. ತಮ್ಮದೇ ದನಿಯ ಜೊತೆ ಅವರು ಜಗಳವಾಡಿದರು. ಬರೆದದ್ದು ನಾನೇ. ಆದರೆ ಅವಳು ಯಾರ ಜೊತೆ ಜಗಳವಾಡುತ್ತಿದ್ದಾಳೆಂದು ಇವತ್ತು ಬೇರೆಯೇ ಅನ್ನಿಸಿತು. ಹೆಸರು ಹಿಡಿದು ಕರೆದವರಿಲ್ಲ, ರಿಲ್ಲ, ಇಲ್ಲ ಎಂದು ದನಿ ಮೇಲಕ್ಕೆ ಹೋಗುವಾಗ ತಲೆಯೆತ್ತಿ ಅದು ಹೋದ ಕಡೆಗೇ ನೋಡಿದರು. ಹಾಗೆ ನೋಡಿ ಎಂದು ನಾನು ಹೇಳಿರಲಿಲ್ಲ.

ಕಟ್ ಎಂದೆ. ಸೊಪ್ಪು ತುಂಬುವ ಹೊತ್ತಾಗಿತ್ತು. ಆದರೆ ವಿಮಲಮ್ಮ ರಘುವಿನ ಕಡೆ ತಿರುಗಿ ಒಂದು ಬೆರಳೆತ್ತಿದರು. ಇನ್ನೊಂದು ಸಲ. ಕ್ಯಾಮೆರಾ ಬೇಡ ಎಂದು ಕಿರಣ್‌ಕುಮಾರಿಗೆ ಸನ್ನೆ ಮಾಡಿದರು. ರಘು ನನ್ನನ್ನು ನೋಡಿದ, ನಾನು ಸುನಂದಮ್ಮನನ್ನು ನೋಡಿದೆ.

"ಹಾಕ್ಲಿ ಬುಡವ್ವಾ. ಸೊಪ್ಪೇನು ಓಡೋಗದಾ?" ಎಂದು ಅವರು ಬಾಗಿಲಲ್ಲೇ ಕೂತರು. ಹೆಂಗಸರೂ ಬಂದು ಕೂತರು. ಕೈಯಲ್ಲಿ ದಾರ ಹಾಗೇ ಇತ್ತು. ವಿಮಲಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿ ತಮ್ಮ ದನಿಯನ್ನು ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ ರಘುವಿನ ತಲೆ ಮುಟ್ಟಿ, ಕೈಯನ್ನು ಕಿವಿಯ ಹತ್ತಿರ ಸುತ್ತಿಸಿ, ಚೆನ್ನಾಗಿದೆ ಎಂದು ಸನ್ನೆ ಮಾಡಿದರು. ಅವರು ಹೇಳಿದ್ದು ಎಕೋದ ಬಗ್ಗೆ. ಅವನು ಮಿಕ್ಸರಿನ ಹಿಂದೆ ಕೂತು ತಂತಿ ಸುತ್ತುವವನಂತೆ ಮುಖ ಬಗ್ಗಿಸಿದ.

ಜುಲೈ 25, ಗುರುವಾರ

ನಾಳೆ ಆಪರೇಷನ್. ವಿಮಲಮ್ಮನನ್ನು ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ರಘು ಆಟೊದಲ್ಲಿ ಬರುತ್ತಾನಂತೆ. "ಸ್ಪೀಕರ್ ಬೇಡ ಕಣೋ, ಆಸ್ಪತ್ರೆ ಅದು," ಎಂದೆ. ಆಪರೇಷನ್ ಆದ ಮೇಲೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಉಳಿದ ಎರಡು ದೃಶ್ಯಗಳಲ್ಲಿ ಅವರಿಗೆ ಮಾತಿಲ್ಲ. ಶ್ರಾವಣಕ್ಕೆ ಮೊದಲೇ ಮುಗಿಸಬೇಕು. ಮದುವೆ ಶುರುವಾದರೆ ನನ್ನ ಜನ ಯಾರೂ ಕೈಗೆ ಸಿಗುವುದಿಲ್ಲ.

ತೇಜಸ್‌ಗೆ ಉತ್ತರಿಸುವುದು ಮರೆತೇಹೋಗಿದೆ. ಇನ್ನು ಬುಡು.

ಮಂಗಳವಾರದಿಂದ ನನ್ನ ಗಂಟಲು ಪೂರ್ತಿ ಕಟ್ಟಿದೆ. ಸುನಂದಮ್ಮ ಬಿಸಿನೀರಿಗೆ ಉಪ್ಪು ಹಾಕಿಕೊಟ್ಟು, ಮುಕ್ಕಳಿಸು ಎಂದರು. ನಾನು ಮುಕ್ಕಳಿಸುವುದನ್ನು ವಿಮಲಮ್ಮ ಬಾಗಿಲಲ್ಲಿ ನಿಂತು ನೋಡಿ ಮತ್ತೆ ಸದ್ದಿಲ್ಲದೆ ನಕ್ಕರು. ಹೊಗೆಸೊಪ್ಪಿನ ಘಾಟು ನನಗೆ ಆಗಿಬರುವುದಿಲ್ಲವೋ ಏನೋ.